ಮೂವತ್ತು ಅತ್ತೆಯರ ಬಸ್ಕಿ

ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತೇನೆ. ಮೂರು ತಿಂಗಳು ಮೈದಾನದಲ್ಲಿ ಕೈಕಾಲು ಎತ್ತಿ ಇಳಿಸಿದ ನನ್ನ ನೆಗೆಣ್ಣಿ ಒಂದು ಗುಂಜಿಯಷ್ಟೂ ಕರಗಲಿಲ್ಲ. ಕರಗುವುದು ಒತ್ತಟ್ಟಿಗಿರಲಿ, ಕಲಿಸಲು ಬಂದ ಮಾಸ್ತರನೇ ಎರಡು ಸುತ್ತು ಊದಿಕೊಂಡ! ಆಮೇಲೆ ಓಣಿಯವರು ಕಥೆಗೆ ಬಣ್ಣ ಹಚ್ಚಿ, ಆಕೆ ಹುಲಿಯಾದಳು, ಹದಿನೆಂಟರ ಹುಡುಗಿಯಾದಳು ಎಂದು ಹೇಳಿಕೊಂಡು ತಿರುಗಿದರು. ಹುಲಿಯೂ ಇಲ್ಲ, ಹುಡುಗಿಯೂ ಇಲ್ಲ. ಅರವತ್ತೆರಡು ತುಂಬಿದವಳು ಅರವತ್ತೆರಡರಲ್ಲೇ ಇದ್ದಾಳೆ. ಗೋಡೆಯ ಈಚೆಗೇ ಇರುವ ನನಗೆ ಗೊತ್ತಿಲ್ಲವೇ?

ನೆಗೆಣ್ಣಿ ಅಂದರೆ ನನ್ನ ಮೈದುನನ ಹೆಂಡತಿ. ಮೈದುನ ಈಗಿಲ್ಲ. ಇಳಕಲ್ಲಿನಲ್ಲಿ ನಮ್ಮದು ಮೊದಲು ಒಂದೇ ಮನೆ. ನಡುವೆ ಗೋಡೆ ಎದ್ದು ಎರಡಾಯಿತು. ಆಚೆ ಆಕೆಯ ಮಗ್ಗ, ಈಚೆ ನನ್ನದು. ಈಕೆ ಯಾವುದನ್ನೂ ಅಳತೆಯಲ್ಲಿ ಮಾಡಿದವಳಲ್ಲ. ಒಮ್ಮೆ ಯಾರೋ ನೀರು ಹೆಚ್ಚು ಕುಡಿಯಬೇಕು ಎಂದದ್ದಕ್ಕೆ ತುಂಬಿದ ಕೊಡವನ್ನೇ ಮಗ್ಗದ ಪಕ್ಕ ಇಟ್ಟುಕೊಂಡು ಕೂತಳು. ಆ ದಿನ ನೇಯ್ದದ್ದಕ್ಕಿಂತ ಹಿತ್ತಲಿಗೆ ಓಡಾಡಿದ್ದೇ ಹೆಚ್ಚು. ಇಂಥವಳ ಕೈಗೆ ವ್ಯಾಯಾಮ ಸಿಕ್ಕರೆ ಏನಾದೀತು, ನೀವೇ ಹೇಳಿ!

ಸಿಕ್ಕದ್ದು ಹೇಗೆ ಎಂದು ಮೊದಲು ಹೇಳಬೇಕು. ನಮ್ಮದು ಕುಣಿಮಗ್ಗ. ನೆಲದಲ್ಲಿ ತಗ್ಗು ತೋಡಿ, ಅದರ ಅಂಚಿನ ಹಲಗೆಯ ಮೇಲೆ ಕೂತು, ಕಾಲು ಒಳಗೆ ಇಳಿಬಿಟ್ಟು, ತಳದ ಕಾಲ್ಮಣೆ ತುಳಿಯುತ್ತ ಸೀರೆ ನೇಯಬೇಕು. ಇಳಿಯುವುದು ಸುಲಭ. ಏಳುವುದಕ್ಕೆ ಮೊಣಕಾಲು ಬೇಕು. ಹೋದ ಆಷಾಢದ ಒಂದು ಮಧ್ಯಾಹ್ನ ಆಕೆಯ ಮೊಣಕಾಲು ಒಲ್ಲೆ ಅಂದವು. ಸೊಸೆ ಮಕ್ಕಳನ್ನು ಕರೆದುಕೊಂಡು ತವರಿಗೆ ಹೋಗಿದ್ದಳು, ಮನೆಯಲ್ಲಿ ಯಾರೂ ಇಲ್ಲ. ಬೇರೆಯವರಾಗಿದ್ದರೆ ಕೂಗುತ್ತಿದ್ದರು. ಈಕೆ ಕೂಗಲಿಲ್ಲ. ಮರ್ಯಾದೆ! ಏಳಲಾಗದಿದ್ದರೆ ನೇಯ್ದರಾಯಿತು ಎಂದು ನೇಯುತ್ತಲೇ ಕೂತಳು. ಗೋಡೆಯ ಈಚೆ ನಾನು, ‘ಇವಳಿಗೇನು ದೆವ್ವ ಬಡಿದಿದೆಯೇ, ಮಗ್ಗ ನಿಲ್ಲುವುದೇ ಇಲ್ಲವಲ್ಲ’ ಎಂದು ಹೊಟ್ಟೆಕಿಚ್ಚಿನಿಂದ ಇನ್ನೂ ಜೋರಾಗಿ ನೇಯ್ದೆ. ಇಳಿಹೊತ್ತಿಗೆ ಚಹಾ ಮಾಡಿ ಕರೆದೆ.

“ಬಾರಬೇ, ಚಾ ಕುಡಿ.”

“ಇಲ್ಲೇ ತಂದ ಕೊಡ ಯಕ್ಕಾ.”

“ಯಾಕ, ಮಹಾರಾಣಿ ಆಗೀಯೇನ? ಎದ್ದ ಬಾ.”

“ಎದ್ದ ಬರಂಗಿದ್ರ ಮಧ್ಯಾಹ್ನಾನ ಬರ್ತಿದ್ನಿ!”

ಎರಡು ದಿನದ ನೇಯ್ಗೆ ಒಂದೇ ಮಧ್ಯಾಹ್ನದಲ್ಲಿ ಮುಗಿದಿತ್ತು. ಮೋಟಾರು ರಿಪೇರಿ ಅಂಗಡಿಯಲ್ಲಿದ್ದ ಆಕೆಯ ಮಗನನ್ನು ಕರೆಸಿದೆ. ಅವನೊಂದು ರಟ್ಟೆ, ನಾನೊಂದು ರಟ್ಟೆ ಹಿಡಿದು, ನೆಲದೊಳಗಿನ ಹಗೇವಿನಿಂದ ಜೋಳದ ಚೀಲ ಎತ್ತಿದ ಹಾಗೆ ಮೇಲಕ್ಕೆ ಎತ್ತಿದೆವು. ನಿಂತವಳೇ ಲೋಟ ಮುಟ್ಟಿ ನೋಡಿ, “ಚಾ ಆರೇ ಹೋಗೇತಿ” ಎಂದು ನನ್ನನ್ನೇ ಬೈದಳು.

ಮಗ ಮರುದಿನ ಬಾಗಲಕೋಟೆಯ ದವಾಖಾನೆಗೆ ಕರೆದುಕೊಂಡು ಹೋದ. ತೂಕ ಹೆಚ್ಚು, ತೊಡೆಯಲ್ಲಿ ಬಲ ಕಡಿಮೆ. ವ್ಯಾಯಾಮ ಮಾಡಿದರೆ ಸರಿಹೋದೀತು, ಮಾಡದಿದ್ದರೆ ನೆಲದ ಮೇಲೆ ಕೂರುವುದನ್ನು ಬಿಡಬೇಕು ಎಂದರು ಡಾಕ್ಟರು. ತಾಯಿ ಮೊದಲ ಅರ್ಧ ಕೇಳಿಸಿಕೊಂಡು ಬಂದಳು. ಮಗ ಕೊನೆಯ ಅರ್ಧ ಕೇಳಿಸಿಕೊಂಡು ಬಂದ.

“ಯವ್ವಾ, ಸಾಕಿನ್ನ. ತೆಗ್ಗು ಮುಚ್ಚಿ ಮ್ಯಾಲ ಫರಸಿ ಹಾಕಸ್ತೇನಿ. ಒಂದು ಸೋಫಾ ಇಡೂನು. ಆರಾಮ ಕುಂತು ಟೀವಿ ನೋಡ.”

“ಮುಚ್ಚೋದಾದ್ರ ನನ್ನ ಒಳಗ ಕುಂದ್ರಿಸೇ ಮುಚ್ಚು!”

ಮಗ ಕೆಟ್ಟವನಲ್ಲ, ಹೆದರಿದ್ದ. ಮನೆಯಲ್ಲಿ ಯಾರೂ ಇಲ್ಲದಾಗ ತಾಯಿ ತಗ್ಗಿನಲ್ಲಿ ಬಿದ್ದರೆ? ಆ ಮಾತು ಅವನೂ ಆಡಲಿಲ್ಲ, ಆಕೆಯೂ ಕೇಳಲಿಲ್ಲ. ಮೂರು ದಿನ ಆ ಮನೆಯಲ್ಲಿ ತಾಯಿ ಮಗ ಮಾತು ಬಿಟ್ಟು, ಮಾತಾಡುವುದನ್ನೆಲ್ಲ ನನ್ನ ಮೂಲಕ ಮಾತಾಡಿದರು. ನನಗೆ ಸಾಕಾಗಿ ತೀರ್ಮಾನ ಕೊಟ್ಟೆ. ದೀಪಾವಳಿ ಪಾಡ್ಯದವರೆಗೆ ಸಮಯ. ಅಂದು ಯಾರ ಕೈಯನ್ನೂ ಹಿಡಿಯದೆ ತಗ್ಗಿನಿಂದ ತಾನೇ ಎದ್ದರೆ ಮಗ್ಗ ಉಳಿಯಬೇಕು. ಏಳದಿದ್ದರೆ ಫರಸಿ, ಸೋಫಾ, ಟೀವಿ. ಇಬ್ಬರೂ ಒಪ್ಪಿದರು.

ನನಗೂ ಅದರಲ್ಲಿ ಸ್ವಾರ್ಥ ಇತ್ತೆನ್ನಿ. ನಮ್ಮ ಸೀರೆಯಲ್ಲಿ ಸೆರಗಿನ ಎಳೆ ಬೇರೆ, ಮೈಯ ಎಳೆ ಬೇರೆ. ಎರಡನ್ನೂ ಒಂದೊಂದೇ ಎಳೆಯಾಗಿ ಕೊಂಡಿ ಹಾಕಿ ಜೋಡಿಸಬೇಕು. ಅದಕ್ಕೆ ಎರಡು ಜನ ಬೇಕು. ನಲವತ್ತು ವರ್ಷದಿಂದ ನನ್ನ ಸೀರೆಗೆ ಆಕೆ, ಆಕೆಯ ಸೀರೆಗೆ ನಾನು. ಸೋಫಾ ಹತ್ತಿ ಕೂತವಳು ಎಳೆ ಹಿಡಿಯಲು ಇಳಿದು ಬರುತ್ತಾಳೆಯೇ?

ಅದೇ ಹೊತ್ತಿಗೆ ಓಣಿಯ ಹೆಂಗಸರ ಸಂಘದವರು ಶಾಲೆಯ ಹಿಂದಿನ ಮೈದಾನದಲ್ಲಿ ಮುಂಜಾನೆ ವ್ಯಾಯಾಮದ ಕ್ಲಾಸು ಸುರು ಮಾಡಿದರು. ಶ್ರಾವಣದ ಮೊದಲ ಸೋಮವಾರ ಆರು ಗಂಟೆಗೆ ನನ್ನ ನೆಗೆಣ್ಣಿ ಹೊರಟಳು. ಮಗನ ಬಿಳಿ ಬೂಟು, ಅದು ದೊಡ್ಡದಾದದ್ದಕ್ಕೆ ಒಳಗೆ ಎರಡು ಜೋಡಿ ಕಾಲುಚೀಲ, ಕಚ್ಚೆ ಹಾಕಿದ ಹಸಿರು ಸೀರೆ, ಸೊಂಟಕ್ಕೆ ಬಿಗಿದ ಟವೆಲ್ಲು. ದಂಡಿಗೆ ಹೊರಟ ಹಾಗಿತ್ತು.

“ನೀನೂ ಬಾರ ಯಕ್ಕಾ.”

“ನನ್ನ ಮೊಣಕಾಲು ನನ್ನ ಮಾತು ಕೇಳ್ತಾವ. ನೀ ಹೋಗ.”

ಆದರೂ ಮೈದಾನದ ಪಕ್ಕದ ನಳಕ್ಕೆ ನೀರು ತರಲು ನಾನು ದಿನಾ ಹೋಗುತ್ತಿದ್ದೆ. ನಮ್ಮ ಮನೆಯಲ್ಲೇ ನಳ ಇದೆ, ಆ ಮಾತು ಬೇರೆ.

ಮಾಸ್ತರ ಹುನಗುಂದದಿಂದ ಬೈಕಿನ ಮೇಲೆ ಬಂದ. ಬೆತ್ತದಂಥ ಹುಡುಗ, ಹೊಟ್ಟೆ ಎಂಬುದು ಇರಬೇಕಾದ ಕಡೆ ಬರೀ ತಗ್ಗು. ಎಲ್ಲರೂ ಮ್ಯಾಟು ತರಬೇಕು ಎಂದು ಮೊದಲೇ ಹೇಳಿಕಳಿಸಿದ್ದ. ನಮ್ಮವರು ಮ್ಯಾಟು ಎಲ್ಲಿಂದ ತರಬೇಕು? ಮೂವತ್ತು ಹೆಂಗಸರು ಮೂವತ್ತು ಕೌದಿ ತಂದು ಹಾಸಿದರು. ಹಾಸಿದ ಮೇಲೆ ಕೌದಿ ನೋಡದೆ ಇರಲಾಗುತ್ತದೆಯೇ? ಇದರ ಅಂಚು ಯಾರು ಹೊಲಿದರು, ಈ ತೇಪೆ ಯಾರ ಮದುವೆಯ ಸೀರೆಯದು ಎಂದು ಅರ್ಧ ತಾಸು ಅದೇ ಆಯಿತು. ಹುಡುಗ ಸೀಟಿ ಊದಿ ಊದಿ ಕೆಂಪಗಾದ. ಕೊನೆಗೆ ಶವಾಸನ ಎಂದು ಅಂಗಾತ ಮಲಗಿಸಿ, “ಮೈ ಎಲ್ಲಾ ಸಡ್ಲ ಬಿಡ್ರಿ” ಅಂದ. ಆ ಒಂದು ಆಸನವನ್ನು ನಮ್ಮವರು ಮೊದಲ ದಿನವೇ ಪೂರ್ತಿ ಕಲಿತರು. ಬೆಳಗಿನ ಜಾವಕ್ಕೆ ಎದ್ದು ರೊಟ್ಟಿ ಬಡಿದು ಬಂದವರು. ಮೆತ್ತಗಿನ ಕೌದಿ, ತಂಪು ಗಾಳಿ. ಗೊರಕೆ ನಳದ ತನಕ ಕೇಳಿಸಿತು. ಏಳಿಸಲು ಮತ್ತೆ ಸೀಟಿಯೇ ಬೇಕಾಯಿತು.

ಎರಡನೆಯ ದಿನ ಆ ಹುಡುಗ ಒಂದು ದೊಡ್ಡ ತಪ್ಪು ಮಾಡಿದ. ಸಲಿಗೆಯಾಗಲಿ ಎಂದು, “ನಾ ಯಾರೋ ಹೊರಗಿನಾಂವ ಅಲ್ರಿ. ನಿಮ್ಮ ಓಣಿ ಕಡೀ ಮನಿ ಅಳಿಯ” ಎಂದುಬಿಟ್ಟ.

ಒಬ್ಬರ ಮನೆಯ ಅಳಿಯ ಅಂದರೆ ನಮ್ಮಲ್ಲಿ ಓಣಿಗೇ ಅಳಿಯ. ಆ ಗಳಿಗೆಯಿಂದ ಅವನು ಮಾಸ್ತರ ಅಲ್ಲ. ಮೂವತ್ತು ಅತ್ತೆಯರ ಒಬ್ಬನೇ ಅಳಿಯ! ಸೊಂಟಕ್ಕೆ ಸಿಕ್ಕಿಸಿದ್ದ ಸೆರಗುಗಳೆಲ್ಲ ತಲೆ ಏರಿದವು. ಅವನು, “ಮಲಗಿ ಎರಡೂ ಕಾಲ ಮ್ಯಾಲ ಎತ್ರಿ” ಅಂದ. ಒಬ್ಬರೂ ಎತ್ತಲಿಲ್ಲ.

“ಯಾಕ್ರಿ ಅತ್ತಿ?” ಎಂದು ನನ್ನ ನೆಗೆಣ್ಣಿಯನ್ನು ಕೇಳಿದ.

“ಅಳಿಯಂದಿರ ಕಡೆ ಅಂಗಾಲ ತೋರಸೂದ? ನಮಗೇನ ಬುದ್ಧಿ ಇಲ್ಲೇನ್ರಿ?”

“ಅತ್ತಿ, ಇದು ವ್ಯಾಯಾಮರಿ!”

“ವ್ಯಾಯಾಮ ಆದ್ರ ಅಂಗಾಲ ಬ್ಯಾರೆ ಆಗ್ತದೇನ್ರಿ?”

ಉಪಾಯವನ್ನೂ ಆಕೆಯೇ ಹುಡುಕಿದಳು. ಎಲ್ಲರೂ ಅಳಿಯನ ಕಡೆ ತಲೆ, ಆಚೆ ಕಡೆ ಕಾಲು ಮಾಡಿ ಮಲಗಿದರು. ಮೂವತ್ತು ಮಂದಿ ಕಾಲು ಎತ್ತಿದ್ದು ಎದುರಿನ ಬೇವಿನ ಮರಕ್ಕೆ. ಹುಡುಗನಿಗೆ ಕಾಣುವುದು ಬರೀ ತುರುಬು. ಯಾರ ಮೊಣಕಾಲು ಬಗ್ಗಿದೆ ಎಂದು ನೋಡಲು ಪಾಪ ಅವನು ಒಂದು ಸುತ್ತು ಹಾಕಹೊರಟ. ಅವನು ಬಲಕ್ಕೆ ಹೋದಂತೆ ಕೌದಿಗಳೂ ತಿರುಗಿದವು. ಎಡಕ್ಕೆ ಬಂದ; ಮತ್ತೆ ತಿರುಗಿದವು. ಮೈದಾನಕ್ಕೆ ಮೈದಾನವೇ ಗಿರಣಿಯ ಕಲ್ಲಿನ ಹಾಗೆ ಅವನ ಸುತ್ತ ತಿರುಗಿತು. ಕೊಡ ತುಂಬಿ ಹೊರಚೆಲ್ಲುತ್ತಿದ್ದರೂ ನಾನು ನಳ ನಿಲ್ಲಿಸಲಿಲ್ಲ. ಅಷ್ಟು ನಕ್ಕಿದ್ದೆ.

ಅಂಗಾಲಿನ ಮಾತು ಮುಗಿಯಿತು. ಹೊಟ್ಟೆಯ ಮಾತು ಸುರುವಾಯಿತು. ಅಳಿಯ ಓಣಿಗೆ ಬಂದು ಬರೀ ಹೊಟ್ಟೆಯಲ್ಲಿ ಹೋಗುವುದೆಂದರೇನು? ಸರದಿ ಹಚ್ಚಿದರು. ಸೋಮವಾರ ಒಂದು ಮನೆಯ ಶೇಂಗಾ ಹೋಳಿಗೆ, ಮಂಗಳವಾರ ಇನ್ನೊಂದು ಮನೆಯ ಸಜ್ಜಕ, ಬುಧವಾರ ಕರ್ಚಿಕಾಯಿ. ಸರದಿ ಇಲ್ಲದವರು, ‘ನಮ್ಮದೇನು ಕೈ ಮುರಿದಿದೆಯೇ’ ಎಂದು ಬೇರೆ ಡಬ್ಬಿ ತಂದರು. ಆ ಹುಡುಗ ಒಂದು ಕೈಯಲ್ಲಿ ತುಪ್ಪ ಸುರಿಯುವ ಹೋಳಿಗೆ ಹಿಡಿದು, ತುಂಬಿದ ಬಾಯಲ್ಲಿ, “ಎಣ್ಣಿ ಬಿಡ್ರಿ... ಸಕ್ರಿ ಬಿಡ್ರಿ...” ಎಂದು ಪಾಠ ಹೇಳುತ್ತಿದ್ದ. ಅತ್ತೆಯರು ತಲೆಯಾಡಿಸಿ, “ಬಿಟ್ಟೇವ್ರಿ. ನೀವೊಂದು ಹಾಕೋರಿ” ಎನ್ನುತ್ತಿದ್ದರು. ಗಣೇಶ ಚೌತಿಯ ಹೊತ್ತಿಗೆ ಅವನ ಬನಿಯನ್ ಬಿಗಿಯಾಯಿತು. ದಸರೆಯ ಹೊತ್ತಿಗೆ ಅವನ ಹೆಂಡತಿ ತವರಿಗೆ ಫೋನು ಮಾಡಿ, “ಏನ ಹಾಕಾಕತ್ತೀರಬೇ ಅವ್ರಿಗೆ? ಇದ್ದ ಪ್ಯಾಂಟ ಒಂದೂ ಏರವಲ್ದು!” ಎಂದು ಜಗಳ ತೆಗೆದಳು.

ನನ್ನ ನೆಗೆಣ್ಣಿಗೆ ಮೈದಾನದ ಒಂದು ತಾಸು ಸಾಲಲಿಲ್ಲ. ಒಂಟಿ ಕಾಲಲ್ಲಿ ನಿಂತು ಹಲ್ಲುಜ್ಜಿದಳು. ಹಿಟ್ಟು ನಾದುವಾಗ ಉಸಿರು ಎಣಿಸಿದಳು. ಎಮ್ಮೆ ಹಿಂಡುವಾಗ ‘ಒಳಗ ತಗೋ, ಹೊರಗ ಬಿಡು’ ಎಂದು ಎಮ್ಮೆಗೂ ಹೇಳಿಕೊಟ್ಟಳು. ಪ್ರತಿ ಸೋಮವಾರ ಕ್ಲಾಸು ಮುಗಿಸಿ ಹಿಟ್ಟಿನ ಗಿರಣಿಗೆ ಹೋಗಿ ಜೋಳ ತೂಗುವ ಕಾಟಾದ ಮೇಲೆ ಹತ್ತಿ ನಿಲ್ಲುತ್ತಿದ್ದಳು. ಗಿರಣಿಯವನು ಗೋಡೆಯ ಮೇಲೆ, ಯಾರ ಜೋಳ ಎಷ್ಟು ಎಂಬ ಸಾಲಿನಲ್ಲೇ ಈಕೆಯ ತೂಕವನ್ನೂ ಸುಣ್ಣದ ಕಡ್ಡಿಯಿಂದ ಬರೆಯುತ್ತಿದ್ದ. ಆರು ಸೋಮವಾರ ಕಳೆದರೂ ಅಂಕಿ ಅಲುಗಲಿಲ್ಲ. ಬೂಟು ಬಿಚ್ಚಿ ನೋಡಿದಳು. ಟವೆಲ್ಲು ಬಿಚ್ಚಿದಳು. ಬಳೆ ಸರಿಸಿದಳು.

“ನಿನ್ನ ಕಾಟಾ ಸರಿ ಇಲ್ಲೋ ತಮ್ಮಾ.”

“ಚಿಗವ್ವಾ, ಮೊನ್ನಿ ಇದ ಕಾಟಾದ ಮ್ಯಾಲ ನಿನ್ನ ಜೋಳ ಎರಡ ಕೇಜಿ ಹೆಚ್ಚ ಬಂದಾಗ ಸರಿ ಇತ್ತಲ್ಲ?”

ಇನ್ನು ನಮ್ಮ ಮನೆಯವರ ಸುದ್ದಿ. ಅವರು ಆಕೆಗೆ ಭಾವ. ಭಾವನ ಎದುರು ಆಕೆ ನಲವತ್ತು ವರ್ಷದಲ್ಲಿ ಒಮ್ಮೆಯೂ ಬರಿತಲೆಯಲ್ಲಿ ನಿಂತವಳಲ್ಲ. ಅವರು ದಿನಾ ಮುಂಜಾನೆ ಹೋಟೆಲ್ಲಿಗೆ ಹೋಗುವುದು ಮೈದಾನದ ದಾರಿಯಲ್ಲೇ. ಒಂದು ದಿನ ಎಲ್ಲರೂ ಒಂಟಿ ಕಾಲಲ್ಲಿ, ಕೈ ಮೇಲೆತ್ತಿ, ಮರದ ಹಾಗೆ ನಿಂತಿದ್ದಾರೆ. ಅಷ್ಟರಲ್ಲಿ ನಮ್ಮವರು ಕೆಮ್ಮಿದರು. ನೆಗೆಣ್ಣಿ ಮೇಲಿನ ಕೈ ಇಳಿಸಿ ಸೆರಗು ಹಿಡಿಯಲು ಹೋದಳು. ಕಾಲು ಹಿಡಿತ ತಪ್ಪಿತು. ಆಕೆ ಪಕ್ಕದವಳ ಮೇಲೆ, ಪಕ್ಕದವಳು ಅದರಾಚೆಯವಳ ಮೇಲೆ... ಇಡೀ ಸಾಲು ಒರಗಿ ನೆಲ ಸೇರಿತು. ನಮ್ಮವರು ಗಾಬರಿಯಾಗಿ, “ಏನಾತ್ರಬೇ?” ಎಂದು ಹತ್ತಿರ ಹೋದರು. ಹತ್ತಿರ ಹೋದದ್ದಕ್ಕೆ ಉಳಿದ ಸಾಲುಗಳೂ ಸೆರಗಿಗೆ ಕೈ ಹಾಕಿದವು, ಅವೂ ಬಿದ್ದವು. ಯಾರಿಗೂ ಪೆಟ್ಟಾಗಲಿಲ್ಲ. ಕೌದಿ ದಪ್ಪ ಇದ್ದವು.

ಸಂಜೆ ಗೋಡೆಯ ಆಚೆಯಿಂದ ಆಜ್ಞೆ ಬಂತು. “ಯಕ್ಕಾ, ಭಾವಾರಿಗೆ ಹೇಳ, ನಾಳಿಂದ ಬ್ಯಾರೆ ದಾರಿಲೆ ಹೋಗಾಕ. ಇಲ್ಲಾ ಕೆಮ್ಮದನ ಹೋಗಾಕ.” ನಮ್ಮವರು ಅರವತ್ತೊಂಬತ್ತನೆಯ ವಯಸ್ಸಿನಲ್ಲಿ ಹೋಟೆಲ್ಲಿಗೆ ಹೊಸ ದಾರಿ ಹುಡುಕಿಕೊಂಡರು.

ಇಷ್ಟೆಲ್ಲ ಆದರೂ ಒಂದು ಮಾತನ್ನು ಯಾರೂ ಕೇಳುತ್ತಿರಲಿಲ್ಲ. ತಗ್ಗಿನಿಂದ ಏಳುವುದು ಎಲ್ಲಿಗೆ ಬಂತು? ಮೈದಾನದಲ್ಲೂ ಆಕೆ ಕೌದಿಯಿಂದ ಏಳುತ್ತಿದ್ದುದು ಪಕ್ಕದವಳ ಹೆಗಲು ಹಿಡಿದೇ. ಆ ಮೂರು ತಿಂಗಳೂ ಆಕೆ ಸಂಜೆಗೆ ಮಗ ಬರುವ ತನಕ ಮಗ್ಗದ ಮೇಲೇ ಕೂತಿರುತ್ತಿದ್ದಳು. ಅವನು ಕೈ ಕೊಟ್ಟು ಎಬ್ಬಿಸುತ್ತಿದ್ದ. ಎಬ್ಬಿಸುವಾಗ ಪ್ರತಿ ಸಲ ನೆಲ ಅಳೆಯುವವನ ಹಾಗೆ ಒಮ್ಮೆ ಸುತ್ತ ನೋಡುತ್ತಿದ್ದ. ಆಕೆ ಅದನ್ನು ಕಂಡೂ ಕಾಣದ ಹಾಗೆ ಇರುತ್ತಿದ್ದಳು.

ದೀಪಾವಳಿಗೆ ಇನ್ನು ಮೂರು ವಾರ ಇದ್ದಾಗ ಅಳಿಯ, “ಬಾದಾಮಿಗೆ ಹೋಗಿ ಗವಿ ಮೆಟ್ಟಲ ಏರೂನ್ರಿ. ಯಾರಿಗೆ ಎಷ್ಟ ಬಲ ಬಂದದ ಗೊತ್ತಾಗ್ತದ” ಅಂದ. ಒಂದು ಟೆಂಪೋ ಮಾಡಿಕೊಂಡು ಎಲ್ಲರೂ ಹೊರಟರು. ನಾನೂ ಹೋದೆ. ವ್ಯಾಯಾಮಕ್ಕಲ್ಲ, ಬುತ್ತಿ ಕಾಯಲು. ಬಾದಾಮಿಯ ಮಂಗಗಳ ಬಗ್ಗೆ ನಿಮಗೆ ಗೊತ್ತಿಲ್ಲವೇ?

ನನ್ನ ನೆಗೆಣ್ಣಿ ಏರಿದಳು ನೋಡಿ! ಬೂಟಿನ ಸಪ್ಪಳ ಮಾಡುತ್ತ, ಒಂದೂ ಮೆಟ್ಟಿಲಿಗೆ ನಿಲ್ಲದೆ, ಉಸಿರು ಒಳಗೆ ಹೊರಗೆ ಎಣಿಸುತ್ತ ಎಲ್ಲರಿಗಿಂತ ಮುಂದೆ ಹೋಗಿ ಗವಿಯ ಮುಂದೆ ನಿಂತು ಕೈ ಬೀಸಿದಳು. ಅಳಿಯ ಇನ್ನೂ ಅರ್ಧದಲ್ಲಿ ಕಂಬಿ ಹಿಡಿದು ಏದುತ್ತಿದ್ದ. ಗೆದ್ದ ಹುರುಪಿನಲ್ಲಿ ಆಕೆ ಬಂಡೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು.

ಕೂತವಳು ಏಳಲಿಲ್ಲ.

ನಾನು ಹತ್ತಿರ ಹೋದಾಗ ಕಣ್ಣು ಮುಚ್ಚಿ, ಮೊಣಕಾಲ ಮೇಲೆ ಕೈ ಇಟ್ಟು, ಋಷಿಯ ಹಾಗೆ ಕೂತಿದ್ದಳು. ತುಟಿ ಅಲುಗಿಸದೆ, “ಯಕ್ಕಾ, ಏಳಾಕ ಆಗವಲ್ದು. ಮಂದಿ ನೋಡಾಕತ್ತಾರ. ಧ್ಯಾನ ಮಾಡಾಕತ್ತಾಳಂತ ಹೇಳ” ಅಂದಳು. ಹೇಳಿದೆ. ಉಳಿದ ಇಪ್ಪತ್ತೊಂಬತ್ತು ಜನ ಇದೂ ಇವತ್ತಿನ ಪಾಠವೇ ಇರಬೇಕೆಂದು ಆಕೆಯ ಹಿಂದೆ ಸಾಲಾಗಿ ಕೂತು ಕಣ್ಣು ಮುಚ್ಚಿದರು. ಎಲ್ಲಿಂದಲೋ ಬಂದ ಪ್ರವಾಸಿಗರು ಚಪ್ಪಲಿ ಬಿಟ್ಟು ಫೋಟೋ ತೆಗೆದರು. ಒಬ್ಬ ಮುದುಕ ಆಕೆಗೆ ನಮಸ್ಕಾರ ಮಾಡಿ ಬಾಳೆಹಣ್ಣು ಇಟ್ಟು ಹೋದ. ಅದನ್ನು ಮಂಗ ಒಯ್ದಿತು.

ಜನ ಕರಗಿದ ಮೇಲೆ ನಾನೂ ಅಳಿಯನೂ ಹಿಡಿದು ಎಬ್ಬಿಸಿದೆವು. ದಾರಿಯುದ್ದಕ್ಕೂ ಟೆಂಪೋದಲ್ಲಿ ಹಾಡು, ನಗೆ. ಆಕೆ ಮಾತ್ರ ಹೊರಗೆ ನೋಡುತ್ತಿದ್ದಳು. ಹುನಗುಂದ ಇನ್ನೇನು ಬಂತು ಎನ್ನುವಾಗ ಬಾಯಿ ಬಿಟ್ಟಳು.

“ಅಳಿಯಂದಿರ, ಜಿಗಿಯೋದು ಕಲಿಸಿದ್ರಿ, ನಿಲ್ಲೋದು ಕಲಿಸಿದ್ರಿ, ಮಲಗೋದು ಮೊದಲ ಬರ್ತಿತ್ತು. ನೆಲದ ಮ್ಯಾಲಿಂದ ಏಳೋದು ಎಂದ ಕಲಸ್ತೀರಿ?”

ಹುಡುಗ ನಾಚಿದ. ಅವನಿಗೆ ತಗ್ಗಿನ ಸುದ್ದಿಯನ್ನು ಯಾರೂ ಹೇಳಿಯೇ ಇರಲಿಲ್ಲ! ಮೂವತ್ತು ಅತ್ತೆಯರು ಎರಡು ತಿಂಗಳು ಹೋಳಿಗೆಯ ಲೆಕ್ಕ ಹೇಳಿದ್ದರು, ಮೊಣಕಾಲಿನ ಲೆಕ್ಕ ಹೇಳಿರಲಿಲ್ಲ. ಅಳಿಯನ ಮುಂದೆ ನೋವು ಹೇಳಿಕೊಳ್ಳುವುದೇ?

ಮರುದಿನದಿಂದ ಜಿಗಿತ, ಮರ, ಶವ ಎಲ್ಲ ಬಂದ್. ಕೂಡ್ರು, ಏಳು. ಕೂಡ್ರು, ಏಳು. ಮೊದಲು ಕುರ್ಚಿಯಿಂದ, ಆಮೇಲೆ ಮಣೆಯಿಂದ, ಆಮೇಲೆ ಕೌದಿಯ ಮೇಲಿಂದ. ಬಸ್ಕಿ ಅಂದರೆ ಬಸ್ಕಿಯೇ. ದಾರಿಯಲ್ಲಿ ಹೋಗುವವರು ನಿಂತು, “ಏನ ತಪ್ಪ ಮಾಡೀರಬೇ? ಯಾವ ಮಾಸ್ತರ ಶಿಕ್ಷಾ ಕೊಟ್ಟಾನ?” ಎಂದು ಕೇಳುತ್ತಿದ್ದರು. ನನ್ನ ನೆಗೆಣ್ಣಿ ಮನೆಯಲ್ಲೂ ಬಿಡಲಿಲ್ಲ. ರಾತ್ರಿಯ ಊಟಕ್ಕೆ ಮೊದಲು ಮಗ, ಸೊಸೆ, ಮೊಮ್ಮಕ್ಕಳು ಹತ್ತು ಬಸ್ಕಿ ಹೊಡೆದರೇ ರೊಟ್ಟಿ. ಸೋಫಾದ ಕನಸು ಕಂಡ ಮಗ ರೊಟ್ಟಿಗಾಗಿ ಬಸ್ಕಿ ಹೊಡೆಯುವುದನ್ನು ನಾನು ಕಿಟಕಿಯಿಂದ ಕಣ್ತುಂಬ ನೋಡಿದೆ.

ಪಾಡ್ಯ ಬಂತು. ಮುಂಜಾನೆ ಒಂಬತ್ತಕ್ಕೇ ಆಕೆಯ ಮನೆಯಲ್ಲಿ ಕಾಲಿಡಲು ಜಾಗ ಇಲ್ಲ. ಮೂವತ್ತು ಅತ್ತೆಯರೂ ಹಬ್ಬದ ಸೀರೆಯಲ್ಲಿ ಹಾಜರು. ನಮ್ಮವರು ಹೊರಗಿನ ಕಟ್ಟೆಯ ಮೇಲೆ ಬೆನ್ನು ಮಾಡಿ ಕೂತಿದ್ದರು, ಕೆಮ್ಮು ಹಿಡಿದುಕೊಂಡು. ಅಳಿಯ ಪರೀಕ್ಷಕ. ಅವನು ತಗ್ಗನ್ನು ಕಂಡದ್ದು ಅದೇ ಮೊದಲು. ಬಗ್ಗಿ ನೋಡಿದ.

“ಇಷ್ಟ ಏನ್ರಿ ಅತ್ತಿ? ಇದರಾಗಿಂದ ಏಳೋದು ಸಲೀಸು. ಬೆನ್ನ ನೆಟ್ಟಗ, ಕೈ ಮೊಣಕಾಲ ಮ್ಯಾಲ. ನಾ ತೋರಸ್ತೇನಿ ನೋಡ್ರಿ.”

ಯಾರೂ ಬೇಡ ಅನ್ನಲಿಲ್ಲ. ಅಳಿಯನಿಗೆ ಬೇಡ ಅನ್ನುವುದು ಹೇಗೆ? ಹಲಗೆಯ ಮೇಲೆ ಕೂತ, ಕಾಲು ಇಳಿಬಿಟ್ಟ. ಕುಣಿಮಗ್ಗದಲ್ಲಿ ಕೂತವರ ಹೊಟ್ಟೆಯ ಎದುರಿಗೇ ನೇಯ್ದ ಸೀರೆ ಸುತ್ತುವ ಕಟ್ಟಿಗೆಯ ದಿಂಡು ಇರುತ್ತದೆ. ಆ ಜಾಗ ನಮ್ಮಂಥವರ ಅಳತೆಗೆ ಮಾಡಿದ್ದು. ಮೂರು ತಿಂಗಳ ಶೇಂಗಾ ಹೋಳಿಗೆಯ ಅಳತೆಗೆ ಮಾಡಿದ್ದಲ್ಲ. ಹಿಂದೆ ಗೋಡೆ, ಮುಂದೆ ದಿಂಡು, ನಡುವೆ ಅಳಿಯ. “ಬೆನ್ನ ನೆಟ್ಟಗ...” ಎಂದು ಏಳಹೋದ. ಏಳಲಿಲ್ಲ. ನಗುತ್ತ ಮತ್ತೊಮ್ಮೆ ಎಳೆದುಕೊಂಡ. ಇಲ್ಲ. ಹುಡುಗನ ಮುಖ ಕುಂಕುಮದ ಹಾಗಾಯಿತು.

“ಅತ್ತೀ, ಸಿಕ್ಕೊಂಡೇನ್ರಿ.”

ಆಗ ನನ್ನ ನೆಗೆಣ್ಣಿ ಮುಂದೆ ಬಂದಳು. ಕಾಲು ಅಗಲಿಸಿ, ಬೆನ್ನು ನೆಟ್ಟಗೆ ಮಾಡಿ, ಬಸ್ಕಿಯ ಹಾಗೆ ಅರ್ಧ ಕೂತು, ಅವನ ಎರಡೂ ಕಂಕುಳಿಗೆ ಕೈ ಹಾಕಿ, “ಉಸಿರ ಒಳಗ ತಗೋರಿ, ಹೊಟ್ಟಿ ಒಳಗ ಹೋಗ್ಲಿ” ಅಂದಳು. ಅವನು ಎಳೆದುಕೊಂಡ. “ಈಗ ಹೊರಗ!” ಎಂದು ಒಂದೇ ಸಲಕ್ಕೆ ಎತ್ತಿ ನೆಲದ ಮೇಲೆ ಕುಂಡ್ರಿಸಿದಳು! ಮನೆ ಹಾರಿ ಹೋಗುವಷ್ಟು ನಗೆ. ಹೊರಗೆ ನಮ್ಮವರ ಕೆಮ್ಮೂ ತಡೆಯಲಿಲ್ಲ. ಮೂವತ್ತು ಸೆರಗು ತಲೆ ಏರಿದವು.

ಮಗನೂ ನಕ್ಕ. ನಕ್ಕು ಕಣ್ಣೊರೆಸಿಕೊಂಡು 'ಆದ್ರೂ ಯವ್ವಾ' ಎಂಬಂತೆ ನೋಡಿದ. ಆಕೆಗೆ ತಿಳಿಯಿತು. ಬೂಟು ಬಿಚ್ಚಿ ಬದಿಗಿಟ್ಟು ಹಲಗೆಯ ಮೇಲೆ ಕೂತು ಕಾಲು ಇಳಿಬಿಟ್ಟಳು. ಲಾಳಿ ಒಮ್ಮೆ ಆಚೆ, ಒಮ್ಮೆ ಈಚೆ ಎಸೆದಳು. ಆಮೇಲೆ ಕಾಲು ಮೇಲೆ ತಂದು, ಅಂಗೈ ಹಲಗೆಗೆ ಊರಿದಳು.

ಮೊದಲ ಸಲ ಏಳಲಾಗಲಿಲ್ಲ. ನಗೆ ನಿಂತಿತು. ಎರಡನೆಯ ಸಲ ಅರ್ಧ ಎದ್ದು, ಥಟ್ಟನೆ ಕೂತಳು. ಮಗ ತನಗೇ ತಿಳಿಯದೆ ಒಂದು ಹೆಜ್ಜೆ ಮುಂದಿಟ್ಟು ಕೈ ಚಾಚಿದ. “ಹಿಂದಕ್ಕ ಸರಿ!” ಅಂದಳು. ಸರಿದ. ಅಷ್ಟರಲ್ಲಿ ಬಾಗಿಲ ಕಡೆಯಿಂದ ಯಾರೋ ಮೆಲ್ಲಗೆ, “ಕೂಡ್ರು, ಏಳು” ಅಂದರು. ಇನ್ನೊಬ್ಬರು ಅಂದರು. ಇಡೀ ಮನೆಯೇ ಅಂದಿತು. ಅಳಿಯ ಸೀಟಿ ಊದಿದ. ಮೂರನೆಯ ಸಲಕ್ಕೆ ಎದ್ದಳು. ನಿಂತಳು! ಸೀದಾ, ಯಾರ ಕೈಯನ್ನೂ ಹಿಡಿಯದೆ.

ಆಮೇಲೆ ಏನು ಕೇಳುತ್ತೀರಿ! ಒಬ್ಬರು ಕುಂಕುಮ ಹಚ್ಚಿದರು, ಒಬ್ಬರು ಬಾಯಿಗೆ ಹೋಳಿಗೆ ತುರುಕಿದರು. ಮಗ ತಾಯಿಯ ಕಾಲು ಮುಟ್ಟಿ, “ಸೋತ್ನೆವ್ವಾ. ಮಗ್ಗ ನಿಂದು” ಅಂದ. ಆಕೆ ಮೈದಾನದಲ್ಲಿ ಕಲಿತ ಹಾಗೆ ಎರಡೂ ಕೈ ಮೇಲೆತ್ತಿ ನಿಂತಳು. ಎಲ್ಲರೂ ಆ ಕೈ ನೋಡಿದರು.

ನಾನು ಕಾಲು ನೋಡಿದೆ. ಸೀರೆಯ ಅಂಚಿನ ಕೆಳಗೆ ಎರಡೂ ಕಾಲು ಗಡಗಡ ನಡುಗುತ್ತಿದ್ದವು. ಏಳುವಾಗ ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದಿದ್ದಳು. ಅದು ಅಲ್ಲಿ ಹರಿದೇ ಹೋಗಿತ್ತು. ಇವತ್ತು ಎದ್ದಳು. ಅಷ್ಟು ಜನ ಕೂಗಿದ್ದಕ್ಕೆ ಎದ್ದಳು. ನಾಳೆ ಮಧ್ಯಾಹ್ನ, ಯಾರೂ ಇಲ್ಲದಾಗ, ಕೂಗುವವರು ಯಾರು? ಆಕೆ ಸತ್ತರೂ ನನ್ನನ್ನು ಕರೆಯುವವಳಲ್ಲ. ನನಗೆ ಒಮ್ಮೆಲೆ ಸಿಟ್ಟು ಬಂತು. ಹೋಳಿಗೆ ತಿನ್ನದೆ ಮನೆಗೆ ಬಂದೆ. ‘ಹೊಟ್ಟೆಕಿಚ್ಚು’ ಎಂದು ಯಾರೋ ಅಂದದ್ದು ಕೇಳಿಸಿತು. ಅನ್ನಲಿ.

ಮರುದಿನ ಆರು ಗಂಟೆಗೆ ಆಕೆ ಬೂಟು ಹಾಕಿಕೊಂಡು ಮೈದಾನಕ್ಕೆ ಹೋದದ್ದೇ ತಡ, ನಾನು ಊರ ಹೊರಗೆ ಕಲ್ಲು ಕೊಯ್ಯುವ ಕಡೆ ಹೋದೆ. ಅಲ್ಲಿ ಬೇಡವೆಂದು ಎಸೆದ ತುಂಡುಗಳ ರಾಶಿ ಇರುತ್ತದೆ. ಗೇಣಗಲದ, ಮೊಳ ಉದ್ದದ, ಎರಡು ಕೆಂಪು ಕಲ್ಲು ಆರಿಸಿ ತಳ್ಳುಗಾಡಿಯವನ ಕೈಯಲ್ಲಿ ಹೇರಿಸಿಕೊಂಡು ಬಂದೆ. ಅವನೇ ಆಕೆಯ ಮಗ್ಗದ ಪಕ್ಕ ಇಳಿಸಿಕೊಟ್ಟ. ಆಕೆಯ ಸೊಸೆ, “ಏನ್ರಿ ದೊಡ್ಡತ್ತಿ ಇದು?” ಅಂದಳು. “ಬಾಯಿ ಮುಚ್ಚಕೊಂಡು ಕೊಳಗದಾಗ ಸಿಮೆಂಟ ಕಲಸ” ಅಂದೆ. ತಗ್ಗಿಗೆ ಇಳಿದು, ಕಾಲ್ಮಣೆಗೆ ತಾಗದ ಹಾಗೆ ಬದಿಯ ಮೂಲೆಗೆ ಒಂದರ ಮೇಲೊಂದು ಕಲ್ಲು ಕೂಡಿಸಿ ಮೆಟ್ಟಿಲು ಕಟ್ಟಿದೆ. ಒಂದು ಬದಿ ತುಸು ಎತ್ತರವಾಗಿತ್ತು. ಬಡಿದು ಸಮ ಮಾಡಿದೆ. ಆಮೇಲೆ ಅದರ ಮೇಲೆ ಪಾದ ಇಟ್ಟು ನಾನೇ ಮೇಲೆ ಹತ್ತಿದೆ, ಇಳಿದೆ, ಮತ್ತೆ ಹತ್ತಿದೆ.

ಅಲುಗಲಿಲ್ಲ.